ಮೂರು ಮಕ್ಕಳು, ಗಂಡನ ಗುತ್ತಿಗೆ, ಊರವರ ಒತ್ತಡ: ಪಂಚಾಯತಿ ಚುನಾವಣೆಗೆ ನಾನು ನಿಲ್ಲಬಹುದಾ?

ಪ್ರಶ್ನೆ: "ನಾನು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಒಂದು ಹಳ್ಳಿಯವಳು. ವಯಸ್ಸು 36. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಸ್ವಸಹಾಯ ಸಂಘದ ಪ್ರತಿನಿಧಿಯೂ ನಾನೇ. ಮುಂದಿನ ಗ್ರಾಮ ಪಂಚಾಯತಿ ಚುನಾವಣೆಗೆ ನಿಲ್ಲು ಅಂತ ಸಂಘದ ಹೆಂಗಸರು ಬೆನ್ನು ಹತ್ತಿದ್ದಾರೆ. ಬೇಸಿಗೆಯಲ್ಲಿ ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು. ಅದನ್ನು ಕೇಳೋಕೆ ಪಂಚಾಯತಿಗೆ ಹೋಗುವವಳು ನಾನೇ, ಅದಕ್ಕೇ ಇರಬೇಕು. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಫೇಲ್. ಮೂರು ಮಕ್ಕಳು. ಮೂರು ಮಕ್ಕಳಿದ್ದರೆ ನಿಲ್ಲೋ ಹಾಗೇ ಇಲ್ಲ ಅಂತ ಸೊಲ್ಲಾಪುರದಲ್ಲಿರುವ ನಮ್ಮ ಅಕ್ಕ ಹೇಳುತ್ತಾಳೆ. ನಮ್ಮ ವಾರ್ಡಿನಲ್ಲಿ ಮೂರು ಸೀಟು. ಕಳೆದ ಸಲ ಹೆಂಗಸರ ಸೀಟು ಒಂದೇ ಇತ್ತು, ಅದೂ ಪರಿಶಿಷ್ಟ ಜಾತಿಗೆ. ಸಾಮಾನ್ಯ ಸೀಟಿಗೆ ಹೆಣ್ಣುಮಕ್ಕಳು ಕೈ ಹಾಕಬಾರದು ಅಂತಾರೆ. ನಿಂತರೆ ರೇಷನ್ ಕಾರ್ಡು, ಗೃಹಲಕ್ಷ್ಮಿ ಹಣ ಎರಡೂ ಹೋಗುತ್ತೆ ಅಂತ ಹೆದರಿಸಿದ್ದಾರೆ. ನಮ್ಮ ಯಜಮಾನರು ಪಂಚಾಯತಿಯ ಚರಂಡಿ, ಸಿಸಿ ರಸ್ತೆ ಕೆಲಸ ಹಿಡಿಯುತ್ತಾರೆ. ಒಂದು ಕೆಲಸದ ಬಿಲ್ ಇನ್ನೂ ಬಾಕಿ ಇದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಅಂದರೆ, ಗುಡಿ ಕಟ್ಟಡಕ್ಕೆ ಯಾರು ಜಾಸ್ತಿ ದೇಣಿಗೆ ಕೊಡ್ತಾರೋ ಅವರನ್ನೇ ಅವಿರೋಧ ಮಾಡೋಣ ಅಂತ ಹಿರಿಯರು ಮಾತಾಡಿಕೊಂಡಿದ್ದಾರೆ. ನಾನು ನಾಮಪತ್ರ ಹಾಕಿದರೆ ಊರ ಮಾತು ಮೀರಿದ ಹಾಗಾಗುತ್ತೆ. ಏನು ಮಾಡಲಿ ಸರ್?"

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಚುನಾವಣಾಧಿಕಾರಿಯ ಮೇಜಿನ ಹಿಂದೆ ಕೂತು ನಾಮಪತ್ರ ತೆಗೆದುಕೊಂಡವನು ನಾನು. ಆಮೇಲೆ ಗೆದ್ದ ಸದಸ್ಯರಿಗೆ ತರಬೇತಿಯನ್ನೂ ಕೊಟ್ಟಿದ್ದೇನೆ. ನೀವು ಬರೆದಿರುವ ಹೆದರಿಕೆಗಳನ್ನು ಬೇರೆ ಬೇರೆ ತಾಲೂಕುಗಳಲ್ಲಿ, ಬೇರೆ ಬೇರೆ ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಇವುಗಳಲ್ಲಿ ಹೆಚ್ಚಿನವು ಕಾನೂನಿನಲ್ಲಿ ಇಲ್ಲವೇ ಇಲ್ಲ. ಆದರೆ ಎರಡು ವಿಷಯ ನಿಜಕ್ಕೂ ಗಂಭೀರ. ಒಂದು ಯಜಮಾನರ ಗುತ್ತಿಗೆ, ಇನ್ನೊಂದು ಆ ದೇಣಿಗೆ ಮಾತು. ಸುಳ್ಳನ್ನು ಮೊದಲು ಬದಿಗೆ ಸರಿಸಿ ಆಮೇಲೆ ಅವೆರಡಕ್ಕೆ ಬರುತ್ತೇನೆ.

ಓದಿನ ವಿಷಯ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೆ ನಿಲ್ಲಲು ಇಷ್ಟೇ ಓದಿರಬೇಕು ಅನ್ನುವ ನಿಯಮ ಇಲ್ಲ. 21 ವರ್ಷ ತುಂಬಿರಬೇಕು, ಆ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅನರ್ಹತೆ ಇರಬಾರದು. ಓದಿನ ಷರತ್ತು ತಂದದ್ದು ಹರಿಯಾಣ ಮತ್ತು ರಾಜಸ್ಥಾನ. ಹರಿಯಾಣದ ಕಾನೂನನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎತ್ತಿ ಹಿಡಿಯಿತು. ಆ ಸುದ್ದಿ ಟಿವಿಯಲ್ಲಿ ಬಂದ ಮೇಲೆ ನಮ್ಮಲ್ಲೂ ಹಾಗೇ ಇದೆ ಅಂತ ಜನ ತಿಳಿದುಕೊಂಡರು. ರಾಜಸ್ಥಾನ 2019ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ನಮ್ಮಲ್ಲಿ ಅದು ಬಂದೇ ಇಲ್ಲ. ಸಂಘದ ಲೆಕ್ಕ ನೋಡುವ ನಿಮಗೆ ಪಂಚಾಯತಿಯ ಜಮಾ-ಖರ್ಚು ಅರ್ಥವಾಗದೇ ಇರುವ ಪ್ರಶ್ನೆಯೇ ಇಲ್ಲ.

ಮೂರು ಮಕ್ಕಳ ವಿಷಯದಲ್ಲಿ ನಿಮ್ಮ ಅಕ್ಕ ಹೇಳಿದ್ದು ಅವರ ರಾಜ್ಯಕ್ಕೆ ನಿಜ. ಮಹಾರಾಷ್ಟ್ರದಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರನ್ನು ಸ್ಥಳೀಯ ಸಂಸ್ಥೆಗಳಿಂದ ದೂರ ಇಡುವ ನಿಯಮ ಇದೆ. ಗಡಿ ತಾಲೂಕುಗಳಲ್ಲಿ ಹೆಣ್ಣು ಕೊಡುವುದು ತರುವುದು ಆ ಕಡೆಗೂ ನಡೆಯುತ್ತದಲ್ವಾ, ಹಾಗಾಗಿ ಅಲ್ಲಿನ ಕಾನೂನು ಇಲ್ಲಿನದು ಅನ್ನಿಸಿಬಿಡುತ್ತದೆ. ಕರ್ನಾಟಕದ ಗ್ರಾಮ ಪಂಚಾಯತಿಗೆ ಅಂಥ ನಿರ್ಬಂಧ ಇಲ್ಲ. ನಿಮ್ಮ ಮೂರು ಮಕ್ಕಳೂ ಚೆನ್ನಾಗಿರಲಿ, ನೀವು ಧೈರ್ಯವಾಗಿ ನಿಲ್ಲಬಹುದು.

ರೇಷನ್ ಕಾರ್ಡು, ಗೃಹಲಕ್ಷ್ಮಿ ಹೋಗುತ್ತದೆ ಅನ್ನುವುದು ಬರೀ ಹೆದರಿಕೆಯ ಮಾತು. ಚುನಾವಣೆಗೆ ನಿಂತರು ಅನ್ನುವ ಕಾರಣಕ್ಕೆ ಇವನ್ನು ರದ್ದು ಮಾಡುವ ನಿಯಮ ಇಲ್ಲ.

ಸಾಮಾನ್ಯ ಸೀಟಿನ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 'ಸಾಮಾನ್ಯ' ಅಂತ ಅಧಿಸೂಚನೆಯಲ್ಲಿ ಇದ್ದರೆ ಆ ಸ್ಥಾನಕ್ಕೆ ಯಾರು ಬೇಕಾದರೂ ನಿಲ್ಲಬಹುದು. ಗಂಡಸರು, ಹೆಂಗಸರು, ಯಾವ ಜಾತಿಯವರಾದರೂ ಸರಿ. 'ಸಾಮಾನ್ಯ ಮಹಿಳೆ' ಅಂತ ಇದ್ದರೆ ಯಾವ ಜಾತಿಯ ಹೆಣ್ಣುಮಗಳಾದರೂ ನಿಲ್ಲಬಹುದು. ಮಹಿಳಾ ಮೀಸಲು ಅನ್ನುವುದು ಹೆಂಗಸರಿಗೆ ಇಷ್ಟಾದರೂ ಸ್ಥಾನ ಸಿಗಲೇಬೇಕು ಅನ್ನುವ ಕೆಳಗಿನ ಮಿತಿ. ಇಷ್ಟೇ ಸಿಗಬೇಕು ಅನ್ನುವ ಮೇಲಿನ ಮಿತಿ ಅಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಳ್ಳೆಯ ಹೆಸರಿದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲೇ, 1987ರ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಕರ್ನಾಟಕ ಶೇ 25ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಇಟ್ಟಿತ್ತು. ಆ ವ್ಯವಸ್ಥೆಯ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ನೀರಿಗಾಗಿ ಪಂಚಾಯತಿ ಮೆಟ್ಟಿಲು ಹತ್ತುವ ನಿಮ್ಮಂಥವರು ಒಳಗೆ ಬಂದು ಕೂರಲಿ ಅಂತಲೇ ಇಷ್ಟೆಲ್ಲ ಮಾಡಿದ್ದು. ಈಗ ಆ ಮೀಸಲು ಶೇ 50ಕ್ಕೆ ಬಂದಿದೆ.

ಇನ್ನೊಂದು ಮಾತು. ಕಳೆದ ಸಲ ಇದ್ದ ಮೀಸಲಾತಿಯೇ ಈ ಸಲವೂ ಇರುತ್ತದೆ ಅಂದುಕೊಳ್ಳಬೇಡಿ. ಅದು ಬದಲಾಗುತ್ತಾ ಹೋಗುತ್ತದೆ. ಚುನಾವಣೆಗೆ ಮುಂಚೆ ಬರುವ ಅಧಿಸೂಚನೆಯನ್ನು ಪಂಚಾಯತಿ ಕಚೇರಿಯ ಫಲಕದಲ್ಲಿ ನೀವೇ ಹೋಗಿ ಓದಿ. ನೀವು ಹಿಂದುಳಿದ ವರ್ಗ ಅ ಅಥವಾ ಬ, ಇಲ್ಲವೇ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದ್ದರೆ ತಹಶೀಲ್ದಾರರಿಂದ ಜಾತಿ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಚುನಾವಣೆ ಘೋಷಣೆ ಆದ ವಾರ ನಾಡಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಈಗ ಗುತ್ತಿಗೆಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಒಂದು ಸಾಲು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣದಲ್ಲಿ ಅನರ್ಹತೆಗಳ ಪಟ್ಟಿ ಇದೆ. ಪಂಚಾಯತಿಯ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ನೇರವಾಗಿ ಇಲ್ಲವೇ ಪರೋಕ್ಷವಾಗಿ ಪಾಲು, ಹಿತಾಸಕ್ತಿ ಇರುವವರು ಸದಸ್ಯರಾಗುವ ಹಾಗಿಲ್ಲ. ಗುತ್ತಿಗೆ ನಿಮ್ಮ ಹೆಸರಿನಲ್ಲಿ ಇಲ್ಲ, ನಿಜ. ಆದರೆ ಆ 'ಪರೋಕ್ಷ' ಅನ್ನುವ ಮಾತು ಎಲ್ಲಿಯವರೆಗೆ ಚಾಚುತ್ತದೆ ಅನ್ನುವುದರ ಮೇಲೆಯೇ ತಕರಾರು ಏಳುವುದು. ಒಂದೇ ಮನೆ, ಒಂದೇ ಒಲೆ, ಬಿಲ್ಲಿನ ಹಣ ನಿಮ್ಮಿಬ್ಬರ ಜಂಟಿ ಖಾತೆಗೆ ಬಿದ್ದಿದೆ ಅಂತಾದರೆ ಎದುರಾಳಿಗೆ ಅಷ್ಟೇ ಸಾಕು. ನಾಮಪತ್ರ ಪರಿಶೀಲನೆಯ ದಿನ ಆಕ್ಷೇಪ ಎತ್ತಬಹುದು. ಅಲ್ಲಿ ಉಳಿದುಕೊಂಡರೂ, ನೀವು ಗೆದ್ದ ಮೇಲೆ ಕೋರ್ಟಿಗೆ ಹೋಗಬಹುದು.

ಇದಕ್ಕೆ ದಾರಿ ಇದೆ. ಕೆಲಸ ಮುಗಿದಿದ್ದರೆ ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೆಯಬೇಕು, ಅಂತಿಮ ಬಿಲ್ ಆಗಬೇಕು, ಹಣ ಪಾವತಿ ಆಗಬೇಕು. ಇಷ್ಟೂ ನಾಮಪತ್ರಕ್ಕೆ ಮುಂಚೆ ಮುಗಿಯುವ ಹಾಗೆ ಯಜಮಾನರು ಈಗಿನಿಂದಲೇ ಓಡಾಡಲಿ. ಕೆಲಸ ಪೂರ್ತಿ ಮುಗಿದಿದೆ, ಬಾಕಿ ಏನೂ ಇಲ್ಲ ಅಂತ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಿಂದ, ಅಂದರೆ ಪಿಡಿಒ ಅವರಿಂದ, ಬರಹದಲ್ಲಿ ತೆಗೆದುಕೊಳ್ಳಿ. ಕಾರ್ಯಾದೇಶ ಸಿಕ್ಕು ಇನ್ನೂ ಶುರುವಾಗದ ಕೆಲಸ ಇದ್ದರೆ ಅದನ್ನು ಬಿಟ್ಟುಕೊಡುವ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಕಾಗದಗಳನ್ನೆಲ್ಲ ಹಿಡಿದುಕೊಂಡು ತಾಲೂಕಿನ ಒಬ್ಬ ವಕೀಲರಿಗೆ ತೋರಿಸಿ. ಈ ಒಂದು ವಿಷಯಕ್ಕೆ ವಕೀಲರ ಫೀಸು ಕೊಟ್ಟರೆ ದಂಡವಲ್ಲ.

ಇಲ್ಲಿ ಮನೆಯೊಳಗಿನ ಮಾತೂ ಇದೆ. ನೀವು ಗೆದ್ದರೆ ಐದು ವರ್ಷ ಯಜಮಾನರು ಆ ಪಂಚಾಯತಿಯ ಕೆಲಸ ಹಿಡಿಯುವ ಹಾಗಿಲ್ಲ ಅಂತಲೇ ಲೆಕ್ಕ ಹಾಕಿ. ಬೇರೆಯವರ ಹೆಸರಿನಲ್ಲಿ ಹಿಡಿದು ತಾವು ಮಾಡಿಸುವುದು ಇನ್ನೂ ಅಪಾಯ. ಸದಸ್ಯರ ಗೌರವಧನ ತುಂಬಾ ಚಿಕ್ಕದು, ಗುತ್ತಿಗೆಯ ಆದಾಯವನ್ನು ಅದು ತುಂಬಿಕೊಡುವುದಿಲ್ಲ. ಅವರು ಪಕ್ಕದ ಪಂಚಾಯತಿಯಲ್ಲೋ, ಖಾಸಗಿ ಮನೆ ಕೆಲಸದಲ್ಲೋ ದುಡಿಮೆ ಹುಡುಕಿಕೊಳ್ಳಬೇಕಾಗುತ್ತದೆ. ಈ ಮಾತು ನಾಮಪತ್ರಕ್ಕೆ ಮುಂಚೆಯೇ ಇಬ್ಬರೂ ಕೂತು ಆಡಿಬಿಡಿ. ಈ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಗೆದ್ದ ಹೆಣ್ಣುಮಕ್ಕಳು ಮನೆಯಲ್ಲಿ ಪಟ್ಟ ಕಷ್ಟವನ್ನು ತರಬೇತಿಗೆ ಬಂದಾಗ ನನ್ನ ಹತ್ತಿರ ಹೇಳಿಕೊಂಡಿದ್ದಾರೆ.

ಅನರ್ಹತೆಯ ಪಟ್ಟಿಯಲ್ಲಿ ನಿಮಗೆ ತಾಗಬಹುದಾದ ಇನ್ನೊಂದು ಶೌಚಾಲಯ. ಮನೆಯವರ ಬಳಕೆಗೆ ಶೌಚಾಲಯ ಇರಬೇಕು. ಇಲ್ಲದಿದ್ದರೆ ಒಂದು ವರ್ಷದೊಳಗೆ ಕಟ್ಟಿಸುತ್ತೇನೆ ಅಂತ ಚುನಾವಣಾಧಿಕಾರಿಗೆ ಮುಚ್ಚಳಿಕೆ ಬರೆದುಕೊಡಬೇಕು. ಮನೆ ತೆರಿಗೆ, ನೀರಿನ ಕರ ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಎದುರಾಳಿಗಳು ಮೊದಲು ಹುಡುಕುವುದು ಇಂಥದ್ದನ್ನೇ.

ದೇಣಿಗೆ ಕೊಟ್ಟವರನ್ನು ಅವಿರೋಧ ಮಾಡುವ ಮಾತು. ಅವಿರೋಧ ಆಯ್ಕೆ ಅನ್ನುವುದೇ ತಪ್ಪಲ್ಲ. ಒಂದು ಸ್ಥಾನಕ್ಕೆ ಒಬ್ಬರೇ ಉಳಿದರೆ ಅವರು ಗೆದ್ದ ಹಾಗೆ, ಕಾನೂನೇ ಅದನ್ನು ಒಪ್ಪುತ್ತದೆ. ಊರಿನವರು ಕೂತು ಮಾತಾಡಿ, ಇವರು ಒಳ್ಳೆಯವರು ಅಂತ ಮನಸ್ಸಿನಿಂದ ಒಪ್ಪಿದರೆ ಯಾರದೂ ತಕರಾರಿಲ್ಲ. ಆದರೆ ದುಡ್ಡು ಜಾಸ್ತಿ ಕೊಟ್ಟವರಿಗೆ ಸೀಟು ಅನ್ನುವುದು ಹರಾಜು. ಹಣ ಗುಡಿಗೆ ಹೋಗಲಿ, ಶಾಲೆಗೆ ಹೋಗಲಿ, ಹರಾಜು ಹರಾಜೇ. ಹಣದ ಆಮಿಷ ತೋರಿಸಿ ಒಬ್ಬರನ್ನು ಕಣದಿಂದ ಹಿಂದೆ ಸರಿಸುವುದು ಚುನಾವಣಾ ಕಾನೂನಿನ ಪ್ರಕಾರ ಲಂಚ. ಹೆದರಿಸಿ ಸರಿಸಿದರೆ ಅದು ಬೇರೆಯೇ ಅಪರಾಧ. 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಾಗ ಹಲವು ಜಿಲ್ಲೆಗಳಿಂದ ಸೀಟು ಹರಾಜಿನ ಸುದ್ದಿ ಬಂತು. ರಾಜ್ಯ ಚುನಾವಣಾ ಆಯೋಗ ಆಗ ಕ್ರಮ ತೆಗೆದುಕೊಳ್ಳಲು ಜಿಲ್ಲಾಧಿಕಾರಿಗಳಿಗೆ ಸೂಚನೆ ಕೊಟ್ಟಿತ್ತು.

ಹಿರಿಯರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಮಾತಿಗೂ ಒಂದು ಕಾರಣ ಇದೆ. ಪಂಚಾಯತಿ ಚುನಾವಣೆ ಅಂದರೆ ಅಣ್ಣ ತಮ್ಮಂದಿರೇ ಎದುರುಬದುರು ನಿಲ್ಲುವುದು. ಮತ ಎಣಿಕೆ ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಮಾತು ಬಿಟ್ಟಿರುತ್ತಾರೆ, ಮದುವೆಗೆ ಕರೆಯುವುದಿಲ್ಲ. ಜಗಳ ಬೇಡ ಅನ್ನುವ ಆಸೆ ನಿಜವಾದದ್ದೇ. ಆದರೆ ಆ ಆಸೆಯ ಹೆಸರಿನಲ್ಲಿ ದುಡ್ಡಿದ್ದವರಿಗೆ ಮಾತ್ರ ಬಾಗಿಲು ತೆರೆದರೆ, ನಾಲ್ಕು ದಿನಕ್ಕೊಮ್ಮೆ ನೀರು ಹಿಡಿಯುವ ಓಣಿಯವರು ಯಾವತ್ತೂ ಒಳಗೆ ಬರುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕೂತವರು ಆ ಹಣವನ್ನು ಎಲ್ಲಿಂದ ವಾಪಸು ತೆಗೆಯುತ್ತಾರೆ ಅಂತ ಆ ಹಿರಿಯರನ್ನೇ ಕೇಳಿ ನೋಡಿ. ಅವರಿಗೂ ಉತ್ತರ ಗೊತ್ತು.

ಹಾಗಾದರೆ ನೀವೇನು ಮಾಡಬಹುದು? ನನ್ನ ಸಲಹೆ, ಹಿರಿಯರ ಹತ್ತಿರ ನೀವೇ ಮೊದಲು ಹೋಗಿ. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಹೋಗಿ. "ಗುಡಿಗೆ ನಮ್ಮ ಕೈಲಾದದ್ದು ಕೊಡ್ತೀವಿ, ಆದರೆ ಸೀಟಿಗೂ ಗುಡಿಗೂ ಗಂಟು ಹಾಕಬೇಡಿ, ನಾನೂ ಅರ್ಜಿ ಹಾಕ್ತೀನಿ" ಅಂತ ನೇರವಾಗಿ ಹೇಳಿ. ಬೆನ್ನ ಹಿಂದೆ ಮಾಡಿದರು ಅನ್ನುವ ದೂರು ಅಲ್ಲಿಗೆ ಮುಗಿಯಿತು. ಇದರಿಂದ ಒಳ್ಳೆಯದೂ ಆಗಬಹುದು. ಹೆಂಗಸರು ಗುಂಪಾಗಿ ಬಂದಾಗ ಹಿರಿಯರೇ ಹಿಂದೆ ಸರಿದು, ನೀವೇ ನಿಲ್ಲಿ ಅಂದದ್ದನ್ನೂ ನೋಡಿದ್ದೇನೆ.

ಆಗದೇ ಇರಲೂಬಹುದು. ಒತ್ತಡ ಬರುವುದು ಸಾಮಾನ್ಯವಾಗಿ ಗುಡಿ ಕಟ್ಟೆಯಿಂದಲ್ಲ, ಪಕ್ಕದಿಂದ. ಯಜಮಾನರನ್ನು ಕರೆದು ಮಾತಾಡುತ್ತಾರೆ, ಅತ್ತೆಯ ಕಿವಿಗೆ ಹಾಕುತ್ತಾರೆ, ಹೊಲಿಗೆಗೆ ಬರುವವರು ಬರುವುದು ನಿಲ್ಲಿಸುತ್ತಾರೆ, ನೀರುಗಂಟಿ ನಿಮ್ಮ ಓಣಿಯ ವಾಲ್ವ್ ತಿರುಗಿಸಲು ತಡ ಮಾಡುತ್ತಾನೆ. ಇದನ್ನು ತಡೆದುಕೊಳ್ಳುವ ಶಕ್ತಿ ನಿಮ್ಮ ಮನೆಗೆ ಇದೆಯಾ ಅನ್ನುವುದನ್ನು ನೀವೇ ತೂಗಬೇಕು. ಜೀವ ಬೆದರಿಕೆ, ಊರಿಂದ ಹೊರಗೆ ಹಾಕುತ್ತೇವೆ ಅನ್ನುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಯಾರು, ಯಾವಾಗ, ಎಲ್ಲಿ, ಏನಂದರು ಅಂತ ಬರೆದು ಚುನಾವಣಾಧಿಕಾರಿ, ತಹಶೀಲ್ದಾರ್, ಪೊಲೀಸ್ ಠಾಣೆ ಮೂರೂ ಕಡೆ ಕೊಡಿ, ಸ್ವೀಕೃತಿ ಪಡೆಯಿರಿ. ಜಿಲ್ಲಾಧಿಕಾರಿಗೂ ಒಂದು ಪ್ರತಿ ಕಳಿಸಿ. ಬಾಯಿಮಾತಿನ ದೂರು ಅಲ್ಲೇ ಉಳಿದುಹೋಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಖಾಲಿ ಹಾಳೆಗೆ, ಖಾಲಿ ನಮೂನೆಗೆ ಸಹಿ ಮಾಡಿ ಯಾರ ಕೈಗೂ ಕೊಡಬೇಡಿ. ಅಣ್ಣನೇ ಇರಲಿ, ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸುವ ಸೂಚಕರೇ ಇರಲಿ. ಉಮೇದುವಾರಿಕೆ ವಾಪಸು ಪಡೆಯುವ ಕಾಗದಕ್ಕೆ ಬೇಕಾದದ್ದು ಅಭ್ಯರ್ಥಿಯ ಸಹಿ. ಅದನ್ನು ತಂದುಕೊಡುವ ಕೆಲಸವನ್ನು ನಿಮ್ಮ ಪರವಾಗಿ ಇನ್ನೊಬ್ಬರೂ ಮಾಡಬಹುದು. ಒಮ್ಮೆ ವಾಪಸು ಪಡೆದರೆ ಆಮೇಲೆ ಅದನ್ನು ರದ್ದು ಮಾಡಿಸಲು ಬರುವುದಿಲ್ಲ. ವಾಪಸಾತಿಯ ಕೊನೆಯ ದಿನ ಮಧ್ಯಾಹ್ನ ಮುಗಿಯುವವರೆಗೆ ನೀವು ಎಲ್ಲಿದ್ದೀರಿ ಅನ್ನುವುದು ನಿಮ್ಮ ನಂಬಿಕೆಯ ಇಬ್ಬರಿಗೆ ಗೊತ್ತಿರಲಿ.

ನಾಮಪತ್ರದ ಕೆಲಸ ಕಷ್ಟದ್ದಲ್ಲ, ಆದರೆ ಸಮಯ ಕಡಿಮೆ ಇರುತ್ತದೆ. 2020ರ ಮೊದಲ ಹಂತವನ್ನೇ ನೋಡಿ. ಡಿಸೆಂಬರ್ 7ಕ್ಕೆ ಅಧಿಸೂಚನೆ, 11ಕ್ಕೆ ನಾಮಪತ್ರಕ್ಕೆ ಕೊನೆ ದಿನ, 12ಕ್ಕೆ ಪರಿಶೀಲನೆ, 14ಕ್ಕೆ ವಾಪಸಾತಿ, 22ಕ್ಕೆ ಮತದಾನ. ಅಂದರೆ ಅರ್ಜಿ ಹಾಕಲು ಐದು ದಿನ, ಪ್ರಚಾರಕ್ಕೆ ಒಂದು ವಾರ. ಕಾಗದ ಪತ್ರ ಮೊದಲೇ ರೆಡಿ ಇಲ್ಲದವರು ಕೊನೆಯ ದಿನ ಸಾಲಿನಲ್ಲಿ ನಿಂತು ಬೆವರುತ್ತಾರೆ. ಠೇವಣಿ ದೊಡ್ಡದಲ್ಲ. ಆಗ ಸಾಮಾನ್ಯ ಅಭ್ಯರ್ಥಿಗಳಿಗೆ 200 ರೂಪಾಯಿ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 100 ರೂಪಾಯಿ ಇತ್ತು. ನಿಮ್ಮನ್ನು ಸೂಚಿಸುವವರು ಅದೇ ವಾರ್ಡಿನ ಮತದಾರರಾಗಿರಬೇಕು. ನೀವು ಮಾತ್ರ ಆ ಪಂಚಾಯತಿಯ ಯಾವ ವಾರ್ಡಿನ ಮತದಾರರಾದರೂ ನಡೆಯುತ್ತದೆ. ನಿಮ್ಮ ವಾರ್ಡಿನ ಮೀಸಲಾತಿ ಹೊಂದದಿದ್ದರೆ ಪಕ್ಕದ ವಾರ್ಡಿನಿಂದ ನಿಲ್ಲುವ ದಾರಿಯೂ ಇದೆ ಅನ್ನುವುದು ನೆನಪಿರಲಿ.

ನಾಮಪತ್ರ ತಿರಸ್ಕಾರ ಆಗುವುದು ದೊಡ್ಡ ದೊಡ್ಡ ಕಾರಣಕ್ಕೆ ಅಂತ ಜನ ತಿಳಿದಿದ್ದಾರೆ. ನಾನು ಮೇಜಿನ ಮೇಲೆ ಕಂಡದ್ದು ಬೇರೆ. ಸೂಚಕರ ಹೆಸರು ಪಕ್ಕದ ವಾರ್ಡಿನ ಪಟ್ಟಿಯಲ್ಲಿ ಇರುತ್ತದೆ. ಮೀಸಲು ಸ್ಥಾನಕ್ಕೆ ಹಾಕಿ ಜಾತಿ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ. ಎರಡನೇ ಪುಟದ ಘೋಷಣೆಗೆ ಸಹಿಯೇ ಇರುವುದಿಲ್ಲ. ಹೆಸರಿನ ಗೊಂದಲ ಅಂತೂ ಹೆಣ್ಣುಮಕ್ಕಳಿಗೆ ಕಟ್ಟಿಟ್ಟದ್ದು. ಆಧಾರ್ ಕಾರ್ಡಿನಲ್ಲಿ ಲಕ್ಷ್ಮೀಬಾಯಿ, ಮತದಾರರ ಪಟ್ಟಿಯಲ್ಲಿ ಲಕ್ಷ್ಮವ್ವ, ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು. ಸಣ್ಣ ಅಕ್ಷರದೋಷಕ್ಕೆ ನಾಮಪತ್ರ ತಿರಸ್ಕರಿಸುವ ಹಾಗಿಲ್ಲ, ಗುರುತು ಗೊತ್ತಾದರೆ ಸಾಕು. ಆದರೂ ಆ ವಾದ ಮಾಡಬೇಕಾದ ಪರಿಸ್ಥಿತಿ ಯಾಕೆ? ಪಟ್ಟಿಯಲ್ಲಿ ಇರುವ ಹಾಗೆಯೇ ನಾಮಪತ್ರದಲ್ಲಿ ಬರೆಯಿರಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಪಟ್ಟಿ ನೋಡಿಯೇ ತುಂಬಿ, ನೆನಪಿನಿಂದ ಬೇಡ. ಪರಿಶೀಲನೆಯ ದಿನ ಮನೆಯಲ್ಲಿ ಕೂರದೆ ಅಲ್ಲೇ ಇರಿ. ಆಕ್ಷೇಪ ಬಂದಾಗ ಉತ್ತರ ಕೊಡಲು ಮನುಷ್ಯರೇ ಇಲ್ಲದಿದ್ದರೆ ಅಧಿಕಾರಿ ತಮ್ಮ ಮುಂದೆ ಇರುವ ಕಾಗದ ನೋಡಿ ತೀರ್ಮಾನ ಮಾಡುತ್ತಾರೆ.

ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ. 'ನಮ್ಮ ಪಕ್ಷದ ಬೆಂಬಲಿತರು' ಅಂತ ಮುಖಂಡರು ಹೇಳಿಕೊಳ್ಳಬಹುದು, ಆದರೆ ಮತಪತ್ರದಲ್ಲಿ ಇರುವುದು ಆಯೋಗ ಕೊಡುವ ಗುರುತು ಮಾತ್ರ. ಪಟ್ಟಿಯಲ್ಲಿ ಹೊಲಿಗೆ ಯಂತ್ರ ಇದ್ದರೆ ಅದನ್ನೇ ಕೇಳಿ ನೋಡಿ, ನಿಮ್ಮ ಓಣಿಗೆ ಬೇರೆ ಪರಿಚಯ ಬೇಕಾಗುವುದಿಲ್ಲ.

ಮೂರು ಸೀಟಿನ ವಾರ್ಡು ಅಂದಿರಲ್ಲ, ಅದರಲ್ಲೇ ನಿಮಗೆ ಅನುಕೂಲ ಇದೆ. ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವುದು ಲೆಕ್ಕ. ಹಾಗಾಗಿ ನಿಮ್ಮ ವಾರ್ಡಿನಲ್ಲಿ ಸುಮಾರು 1200 ಜನ, ಮತದಾರರು ಅದಕ್ಕಿಂತ ಕಡಿಮೆ. ಅಲ್ಲಿ ಒಬ್ಬ ಮತದಾರರಿಗೆ ಎಷ್ಟು ಸ್ಥಾನವೋ ಅಷ್ಟು ಮತ, ಅಂದರೆ ಮೂರು. ಒಬ್ಬ ಅಭ್ಯರ್ಥಿಗೆ ಎರಡು ಮತ ಹಾಕುವಂತಿಲ್ಲ. ಇದರ ಅರ್ಥ ಏನು? ನೀವು ಯಾರ ಮನೆಗೆ ಹೋದರೂ "ಅವರನ್ನು ಬಿಟ್ಟು ನನಗೆ ಹಾಕಿ" ಅಂತ ಕೇಳಬೇಕಾಗಿಲ್ಲ. "ನಿಮ್ಮ ಮೂರರಲ್ಲಿ ಒಂದು ನನಗೆ ಕೊಡಿ" ಅಂತ ಕೇಳಬಹುದು. ಸಂಬಂಧ ಕೆಡಿಸಿಕೊಳ್ಳಲು ಇಷ್ಟವಿಲ್ಲದ ಎಷ್ಟೋ ಮನೆಗಳು ಈ ಮಾತಿಗೆ ಒಪ್ಪುತ್ತವೆ. ದೊಡ್ಡ ಗುಂಪುಗಳು ಮೂವರ ಪ್ಯಾನಲ್ ಮಾಡಿಕೊಂಡು ಮೂರೂ ಮತ ತಮಗೇ ಬರಲಿ ಅಂತ ಹೊರಡುತ್ತವೆ. ಒಂಟಿಯಾಗಿ ನಿಂತವರು ಆ ಮೂರರಲ್ಲಿ ಒಂದನ್ನು ಕಿತ್ತುಕೊಂಡು ಗೆದ್ದ ಉದಾಹರಣೆಗಳು ಬೇಕಾದಷ್ಟಿವೆ. ನಿಮ್ಮನ್ನೂ ಪ್ಯಾನಲ್‌ಗೆ ಕರೆಯಬಹುದು. ಸೇರಿದರೆ ಗೆಲುವು ಸುಲಭ, ಆದರೆ ಅಧ್ಯಕ್ಷರ ಆಯ್ಕೆ ಬಂದಾಗ ಮತ ಯಾರಿಗೆ ಹಾಕಬೇಕು ಅನ್ನುವುದನ್ನು ಅವರೇ ಹೇಳುತ್ತಾರೆ. ಷರತ್ತು ಏನು ಅಂತ ಮೊದಲೇ ಬಾಯಿಬಿಡಿಸಿ.

ಮತ ಕೇಳುವಾಗ ಹಾಕುವ ಕ್ರಮವನ್ನೂ ತಿಳಿಸಿ. ಇರುವ ಸ್ಥಾನಕ್ಕಿಂತ ಜಾಸ್ತಿ ಸೀಲು ಒತ್ತಿದರೆ ಆ ಮತಪತ್ರ ಕುಲಗೆಡುತ್ತದೆ, ಅಂದರೆ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರ ಚಿಹ್ನೆಯ ನಡುವಿನ ಗೆರೆಯ ಮೇಲೆ ಸೀಲು ಬಿದ್ದರೂ ತಕರಾರು. ವಯಸ್ಸಾದವರು, ಮೊದಲ ಸಲ ಮತ ಹಾಕುವ ಹುಡುಗಿಯರು ಇಲ್ಲೇ ತಪ್ಪುವುದು. ಸಂಘದ ಸಭೆಯಲ್ಲಿ ಒಂದು ಹಾಳೆಯ ಮೇಲೆ ಚೌಕ ಬರೆದು ತೋರಿಸಿದರೂ ಸಾಕು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಾನು ಹೇಳದೆ ಬಿಡುವುದಿಲ್ಲ. ಠೇವಣಿ, ಕರಪತ್ರ, ಚಹಾ, ನಿಮ್ಮ ಜೊತೆ ತಿರುಗುವವರ ಊಟ, ಇಷ್ಟಕ್ಕೆ ನಿಲ್ಲುವ ಚುನಾವಣೆ ಇದು. ಆದರೆ ಕೊನೆಯ ಎರಡು ರಾತ್ರಿ ಎದುರಿನವರು ಹಣ, ಸೀರೆ, ಬಾಟಲಿ ಹಂಚುತ್ತಾರೆ, ನೀವೂ ಹಂಚದಿದ್ದರೆ ಮುಗಿಯಿತು ಅಂತ ನಿಮ್ಮವರೇ ಬಂದು ಹೇಳುತ್ತಾರೆ. ಆ ಗಳಿಗೆಯಲ್ಲಿ ಸಂಘದ ಸಾಲ ಎತ್ತುವ, ತಾಳಿಸರ ಅಡ ಇಡುವ ಯೋಚನೆ ಬರುತ್ತದೆ. ದಯವಿಟ್ಟು ಬೇಡ. ಹಂಚುವುದು ಅಪರಾಧ ಅನ್ನುವುದು ಒಂದು ಕಡೆ ಇರಲಿ. ಸೋತರೆ ಸಾಲ ನಿಮ್ಮ ಹೊಲಿಗೆ ಯಂತ್ರದ ಮೇಲೆ ಬಂದು ಕೂರುತ್ತದೆ. ಗೆದ್ದರೆ ಅದನ್ನು ತೀರಿಸಲು ಮನೆ ಹಂಚಿಕೆಯಲ್ಲಿ, ಕಾಮಗಾರಿ ಬಿಲ್ಲಿನಲ್ಲಿ ಕೈ ಚಾಚಬೇಕಾಗುತ್ತದೆ. ಹಂಚದೆ ಎಲ್ಲ ಕಡೆ ಗೆಲ್ಲಬಹುದು ಅಂತ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಆದರೆ ಏಳೆಂಟುನೂರು ಮತದಾರರ ವಾರ್ಡಿನಲ್ಲಿ ಪ್ರತಿ ಮನೆಯ ಹೆಂಗಸಿನ ಹೆಸರು ಗೊತ್ತಿರುವವರಿಗೆ ಹಣ ಇಲ್ಲದಿದ್ದರೂ ಬಲ ಇರುತ್ತದೆ. ಸಂಘದ ಸಾಲ ಕೊಡಿಸುವಾಗ, ಪಿಂಚಣಿ ಅರ್ಜಿ ತುಂಬಿಕೊಡುವಾಗ ನೀವು ಗಳಿಸಿರುವುದು ಅದನ್ನೇ.

ಗೆದ್ದರೆ ಪಂಚಾಯತಿಗೆ ಹೋಗಬೇಕಾದವರು ನೀವು. ಸಾಮಾನ್ಯ ಸಭೆಯಲ್ಲಿ ಗಂಡ, ಮಗ, ಮೈದುನ ಬಂದು ಕೂರುವ ಹಾಗಿಲ್ಲ, ಸರ್ಕಾರದ ಸುತ್ತೋಲೆಗಳೇ ಇವೆ. ಮೊದಲ ಸಭೆಯಲ್ಲೇ ನಿಮ್ಮ ಕುರ್ಚಿಯಲ್ಲಿ ನೀವು ಕೂತರೆ ಮುಂದಿನದು ಸಲೀಸು. ನಡಾವಳಿ ಪುಸ್ತಕವನ್ನು ಓದದೆ, ಬರೆದ ಠರಾವು ಅರ್ಥ ಮಾಡಿಕೊಳ್ಳದೆ ಸಹಿ ಹಾಕಬೇಡಿ. ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಿಸಿ. ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರದ್ದೇ ಅಧ್ಯಕ್ಷತೆ. ಮನೆ ಯಾರಿಗೆ, ಪೈಪ್ ಎಲ್ಲಿಗೆ ಅನ್ನುವ ಬೇಡಿಕೆ ಮೊದಲು ಮೇಲೇಳುವುದು ಅಲ್ಲಿ. ಹೊಸ ಸದಸ್ಯರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಕಡೆಯಿಂದ ತರಬೇತಿ ಇರುತ್ತದೆ. ಮನೆ ಕೆಲಸ ಅಂತ ತಪ್ಪಿಸಬೇಡಿ.

ಈ ಸಲ ಬೇಡ ಅನ್ನಿಸಿದರೆ ಅದೂ ತಪ್ಪಲ್ಲ. ಮುಖ್ಯವಾಗಿ, ಗುತ್ತಿಗೆಯ ಬಿಲ್ ಸಮಯಕ್ಕೆ ಇತ್ಯರ್ಥ ಆಗದಿದ್ದರೆ ಸಂಘದ ಇನ್ನೊಬ್ಬರನ್ನು ನಿಲ್ಲಿಸಿ ನೀವು ಅವರ ಚುನಾವಣಾ ಏಜೆಂಟ್ ಆಗಿ. ಒಳಗಿನ ಕೆಲಸವೆಲ್ಲ ಕಲಿಯುತ್ತೀರಿ. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಎದ್ದು ನಿಂತು ನೀರಿನ ಲೆಕ್ಕ ಕೇಳಲು ಸದಸ್ಯತ್ವ ಬೇಕಾಗಿಲ್ಲ, ಮತದಾರರಾಗಿದ್ದರೆ ಸಾಕು. ಆದರೆ ಬರೀ ಹೆದರಿಕೆಗೆ ಹಿಂದೆ ಸರಿಯುತ್ತಿದ್ದೀರಾ ಅಂತ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ನಿಲ್ಲಬೇಕು ಅನ್ನುವ ಮನಸ್ಸೇ.

ನಿಂತರೆ ಮತ ಎಣಿಕೆಯ ದಿನ ತಾಲೂಕು ಕೇಂದ್ರಕ್ಕೆ ಎಚ್ಚರ ಇರುವ, ಗದ್ದಲಕ್ಕೆ ಹೆದರದ ಒಬ್ಬರನ್ನು ಎಣಿಕೆ ಏಜೆಂಟ್ ಮಾಡಿ ಕಳಿಸಿ. ಇಷ್ಟು ಚಿಕ್ಕ ವಾರ್ಡುಗಳಲ್ಲಿ ಸೋಲು ಗೆಲುವು ಹತ್ತು ಹನ್ನೆರಡು ಮತದಲ್ಲಿ ಆಗುತ್ತದೆ, ಕೆಲವೊಮ್ಮೆ ಒಂದೇ ಮತದಲ್ಲಿ. ಕುಲಗೆಟ್ಟವು ಅಂತ ಬದಿಗಿಟ್ಟ ಮತಪತ್ರಗಳನ್ನು ಅವರು ಒಂದೊಂದಾಗಿ ನೋಡಬೇಕು. ಅನುಮಾನ ಇದ್ದರೆ ಫಲಿತಾಂಶ ಘೋಷಿಸುವ ಮುಂಚೆಯೇ ಮರು ಎಣಿಕೆಗೆ ಬರಹದಲ್ಲಿ ಕೇಳಬೇಕು. ಘೋಷಣೆ ಆದ ಮೇಲೆ ಅಧಿಕಾರಿಯ ಕೈಯಲ್ಲಿ ಏನೂ ಇರುವುದಿಲ್ಲ, 30 ದಿನದೊಳಗೆ ಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಇಬ್ಬರಿಗೂ ಸಮ ಸಮ ಮತ ಬಂದರೆ ಅಲ್ಲೇ ಚೀಟಿ ಎತ್ತುತ್ತಾರೆ.